ಬೋರಿಂಗಿನ ಹತ್ತಿರ ರಿಪೇರಿಯಾಗುತ್ತಿದ್ದ ಮಾತುಗಳು

ನಮ್ಮವ್ವ ಶೇಂಗಾ ಚಟ್ನಿಪುಡಿಯ ಡಬ್ಬಿಗೆ ಮುಚ್ಚಳ ಹಾಕುವ ಮೊದಲು ನಡುವೆ ಒಂದು ಕಾಗದ ಇಟ್ಟು ಬಿಗಿ ಮಾಡುತ್ತಾಳೆ. ಮೊನ್ನೆ ರೊಟ್ಟಿ ಮುಂದಿಟ್ಟುಕೊಂಡು ಡಬ್ಬಿ ತೆಗೆದೆ. ಎಣ್ಣೆ ಕುಡಿದು ಆಚೆ ಈಚೆ ಕಾಣುವಂತಾಗಿದ್ದ ಆ ಕಾಗದದಿಂದ ಅಚ್ಚು ಹಾಕಿದ ಒಂದು ಅಳುಮಾರಿ, ಅಳುವ ಮುಖದ ಚಿತ್ರ, ನನ್ನನ್ನೇ ನೋಡುತ್ತಿತ್ತು. ಬಿಡಿಸಿದೆ. ಒಂದಲ್ಲ, ಹತ್ತು ಅಳುಮಾರಿಗಳು, ಒಂದರ ಕೆಳಗೊಂದು. ಹತ್ತರ ಮೇಲೂ ಪೆನ್ಸಿಲಿನಿಂದ ಗಟ್ಟಿಯಾಗಿ ಒತ್ತಿ ಹಾಕಿದ ಕಾಟು. ಮೇಲೆ ಅಚ್ಚಿನಲ್ಲಿ ಹೀಗಿತ್ತು: ‘ಸಮವಯಸ್ಕರ ನಡುವಿನ ಸಂಘರ್ಷದಲ್ಲಿ ಮಧ್ಯಪ್ರವೇಶಿಸುವ ಇಚ್ಛಾಶಕ್ತಿಯ ಮಾಪನ.’

ಹೆದರಬೇಡಿ. ಗೆಳೆಯರು ಜಗಳಾಡಿದರೆ ಮಕ್ಕಳು ಬಿಡಿಸಲು ಹೋಗುತ್ತಾರೋ ಇಲ್ಲವೋ ಎಂದು ಕೇಳಿದ್ದು, ಅಷ್ಟೇ. ನಾನು ಎಂ.ಎ. ಆಗಿದ್ದರಿಂದ ಎರಡನೆಯ ಸಲಕ್ಕೆ ಅರ್ಥವಾಯಿತು.

ಎಂ.ಎ. ಎಂಬ ಮಾತು ಇಷ್ಟು ಬೇಗ ಬಂದುಬಿಟ್ಟಿತು, ಕ್ಷಮಿಸಿ. ಬರದೇ ಇರುವುದಿಲ್ಲ. ನಮ್ಮ ವಂಶದಲ್ಲಿ ಹೆಬ್ಬೆಟ್ಟಿನ ಆಚೆಗೆ ಹೋದ ಮೊದಲ ಬೆರಳುಗಳು ನನ್ನವು. ಅಪ್ಪ ಸಂಡೂರಿನ ಕಡೆ ಲಾರಿಗೆ ಅದಿರು ತುಂಬಿದವನು, ಅವ್ವ ಕಂಪ್ಲಿಯ ಗದ್ದೆಗಳಲ್ಲಿ ಸಸಿ ನೆಟ್ಟವಳು. ನಾನು ಹಂಪಿಯಲ್ಲಿ ಪ್ರವಾಸಿಗಳಿಗೆ ಸೈಕಲ್ ಬಾಡಿಗೆ ಕೊಡುವ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾ ಬಿ.ಎ. ಮಾಡಿದೆ. ಪುಸ್ತಕದ ಅಂಚಿನಲ್ಲಿ ಗ್ರೀಸಿನ ಬೆರಳಚ್ಚು ಇರುತ್ತಿತ್ತು. ಪರೀಕ್ಷೆಯ ಮುನ್ನಾದಿನ ಯಾವ ಪಾಠ ಓದಿದ್ದೇನೆ, ಯಾವುದು ಓದಿಲ್ಲ ಎಂದು ಗುರುತು ಹಿಡಿಯಲು ಅದೇ ಅನುಕೂಲ. ಬಿ.ಇಡಿ. ಆಯಿತು, ಕೆಲಸ ಸಿಕ್ಕಿತು, ಕೆಲಸ ಮಾಡುತ್ತಲೇ ಅಂಚೆಯಲ್ಲಿ ಎಂ.ಎ. ಕೂಡ ಆಯಿತು. ಹೊಸಪೇಟೆಯಲ್ಲಿ ಸಣ್ಣ ಮನೆ ಮಾಡಿದಾಗ ಗೋಡೆಗೆ ಸುಣ್ಣ ಹೊಡೆಸುವ ಮೊದಲು ಬಾಗಿಲಿಗೆ ಕಲ್ಲು ಕೆತ್ತಿಸಿದೆ: ‘ಹುಲುಗಪ್ಪ, ಎಂ.ಎ., ಬಿ.ಇಡಿ.’ ಅವ್ವನಿಗೆ ಓದಲು ಬರುವುದಿಲ್ಲ. ದಿನಾ ಬೆಳಿಗ್ಗೆ ಸೆರಗಿನಿಂದ ಅದನ್ನು ಒರೆಸುತ್ತಾಳೆ. ಹೆಸರಿನ ಭಾಗವನ್ನು ಒಂದು ಸಲ, ಆ ಅಕ್ಷರಗಳ ಭಾಗವನ್ನು ಎರಡು ಸಲ. ಯಾವುದು ಕಷ್ಟಪಟ್ಟು ಬಂದದ್ದು ಎಂದು ಆಕೆಗೆ ಗೊತ್ತು.

ಇಷ್ಟೆಲ್ಲ ಹೇಳದಿದ್ದರೆ ನಾನು ಪ್ರಹ್ಲಾದನ ಜೊತೆ ಯಾಕೆ ಮಾತು ಬಿಟ್ಟೆ ಎಂಬುದು ನಿಮಗೆ ತಿಳಿಯುವುದಿಲ್ಲ.

ಪ್ರಹ್ಲಾದ ನಮ್ಮ ಶಾಲೆಯಲ್ಲಿ ಗಣಿತ ಮೇಷ್ಟ್ರು. ಹೊಸಪೇಟೆಯ ವೈಷ್ಣವರ ಮನೆಯವನು. ಅಜ್ಜ ಪದವೀಧರ, ಅಪ್ಪ ಪದವೀಧರ, ಅತ್ತೆಯಂದಿರೂ ಪದವೀಧರರು. ಆ ಮನೆಯಲ್ಲಿ ಪದವಿ ಎಂದರೆ ಜಗಲಿಯ ಕಂಬ ಇದ್ದ ಹಾಗೆ, ಇದೆ ಎಂದು ಯಾರೂ ಹೇಳುವುದಿಲ್ಲ. ಮೊದಲ ಸಲ ಅವರ ಮನೆಗೆ ಹೋದಾಗ ಅವನ ತಾಯಿ ನಮ್ಮಿಬ್ಬರಿಗೂ ಒಂದೇ ಥರದ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟರು. ನೋಡಿಕೊಂಡೆ. ಇಂಥದ್ದನ್ನು ನಾವು ನೋಡಿಕೊಳ್ಳುತ್ತೇವೆ. ಎರಡನೆಯ ಸಲ ಹೋದಾಗ ನೋಡುವುದನ್ನು ಮರೆತೆ. ಗೆಳೆತನ ಶುರುವಾದದ್ದು ಆ ಮರೆತ ದಿನದಿಂದಲೇ ಇರಬೇಕು.

ನಮ್ಮ ಶಾಲೆ ಇರುವುದು ಸಂಡೂರು ತಾಲ್ಲೂಕಿನಲ್ಲಿ, ಚೋರನೂರಿನ ಕಡೆಯ ಒಂದು ಹಳ್ಳಿಯಲ್ಲಿ. ಊರ ಹೆಸರು ಬೇಡ. ಹೆಡ್ಮಾಸ್ತರರಿಗೆ ನಿವೃತ್ತಿ ಹತ್ತಿರವಿದೆ. ಏಳು ವರ್ಷ ನಾನೂ ಪ್ರಹ್ಲಾದನೂ ಒಂದೇ ಬೈಕಿನಲ್ಲಿ ಹೊಸಪೇಟೆಯಿಂದ ಓಡಾಡಿದೆವು. ಒಂದು ವಾರ ಅವನ ಗಾಡಿ, ಒಂದು ವಾರ ನನ್ನದು. ಹಿಂದೆ ಕುಳಿತವನು ಇಬ್ಬರ ಊಟದ ಡಬ್ಬಿಯನ್ನೂ ತೊಡೆಯ ಮೇಲಿಟ್ಟುಕೊಳ್ಳಬೇಕು, ಅದಿರಿನ ಲಾರಿ ಎದುರಾದಾಗ ಮುಂದಿನವನ ಬೆನ್ನಿಗೆ ಮುಖ ಮರೆಸಬೇಕು. ಶಾಲೆ ಮುಟ್ಟಿದಾಗ ಅವನ ಬಿಳಿ ಅಂಗಿಯ ಬೆನ್ನ ಮೇಲೆ ಕೆಂಪು ಧೂಳಿನಲ್ಲಿ ನನ್ನ ಮೂಗು, ಹಣೆ ಅಚ್ಚಾಗಿರುತ್ತಿದ್ದವು.

ಆಮೇಲೆ ಬೋರ್ಡು ಬಂತು.

ಶಾಲೆಗೆ ಹೊಸ ನಾಮಫಲಕ, ಶಿಕ್ಷಕರ ಹೆಸರುಗಳ ಸಮೇತ. ಬರೆಸುವ ಜವಾಬ್ದಾರಿ ಪ್ರಹ್ಲಾದನದು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೂರನೆಯ ಸಾಲಿನಲ್ಲಿ ‘ಶ್ರೀ ಹುಲುಗಪ್ಪ, ಸಹ ಶಿಕ್ಷಕರು.’ ಮುಗಿಯಿತು. ಆಚೆ ಖಾಲಿ ಕಬ್ಬಿಣ.

“ಪ್ರಹ್ಲಾದ, ನನ್ನ ಎಂ.ಎ. ಎಲ್ಲೈತಿ?” ಎಂದೆ.

“ಜಾಗ ಸಾಲ್ಲಿಲ್ಲೋ ಹುಲುಗ. ಪೇಂಟರು ಅಕ್ಷರ ದಪ್ಪ ಬರದುಬಿಟ್ಟ. ನಂದೂ ಹಾಕಿಲ್ಲ ನೋಡು.”

“ನಿಂದು ಹಾಕದಿದ್ರ ನಡೀತೈತಿ. ನಿಮ್ಮಜ್ಜಂದ್ ಐತಿ, ನಿಮ್ಮಪ್ಪಂದ್ ಐತಿ. ನಮ್ಮನ್ಯಾಗ ಇರೋದ ಅದೊಂದ.”

ಅವನು ನಕ್ಕ. ಕೆಟ್ಟ ನಗುವಲ್ಲ, ತಮಾಷೆಯ ನಗು. “ಲೇ, ನಾಕು ಅಕ್ಷರ ಇಲ್ಲಂದ್ರ ನೀ ಯಾರಂತ ಜನಕ್ಕ ಗೊತ್ತಾಗಂಗಿಲ್ಲೇನು?”

“ಗೊತ್ತಾಗಂಗಿಲ್ಲ,” ಎಂದೆ. ನನಗೆ ತಮಾಷೆಯಾಗಿರಲಿಲ್ಲ. “ನಾಳಿಯಿಂದ ನನ್ನ ಗಾಡಿ ಹತ್ತಬ್ಯಾಡ.”

“ನೀ ನಂದು ಹತ್ತಬ್ಯಾಡ,” ಎಂದ ಅವನೂ.

ಮರುದಿನದಿಂದ ಒಂದೇ ದಾರಿಯಲ್ಲಿ ಎರಡು ಬೈಕು. ಹಿಂದೆ ಹೋದವನು ಮುಂದಿನವನ ಧೂಳು ನುಂಗಬೇಕು. ನಾನು ಹತ್ತು ನಿಮಿಷ ಮುಂಚೆ ಹೊರಟೆ. ಅವನು ಇಪ್ಪತ್ತು ನಿಮಿಷ ಮುಂಚೆ ಹೊರಟ. ವಾರದೊಳಗೆ ನಾವಿಬ್ಬರೂ ಬಿಸಿಯೂಟದ ಅಕ್ಕ ಬಂದು ಗೇಟಿನ ಬೀಗ ತೆಗೆಯುವ ಮೊದಲೇ ಗೇಟಿನ ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತಿರುತ್ತಿದ್ದೆವು. ಆ ಸಲದ ತಪಾಸಣೆ ಪುಸ್ತಕದಲ್ಲಿ ಹೆಡ್ಮಾಸ್ತರರು ನಮ್ಮಿಬ್ಬರ ಸಮಯಪಾಲನೆ ಶ್ಲಾಘನೀಯ ಎಂದು ಬರೆದರು.

ಮನೆಯಲ್ಲಿ ಮಾತು ಬಿಡಬಹುದು, ಶಾಲೆಯಲ್ಲಿ ಹೇಗೆ ಬಿಡುವುದು? ಇರುವುದೊಂದೇ ದೊಡ್ಡ ಸ್ಕೇಲು, ಒಂದೇ ಹಾಜರಿ ಪುಸ್ತಕ, ಒಂದೇ ಭೂಪಟದ ಕೋಲು. ಆದರೆ ಸರಕಾರಿ ಶಾಲೆಯಲ್ಲಿ ಇದಕ್ಕೊಂದು ಹಳೆಯ ವ್ಯವಸ್ಥೆಯಿದೆ, ಓದಿದವರಿಗೆಲ್ಲ ಗೊತ್ತು. ಮೇಷ್ಟ್ರು ಕುಳಿತಲ್ಲಿಂದ ಏಳುವುದಿಲ್ಲ, ‘ಹೋಗಿ ಆ ಸರ್‌ಗೆ ಹೇಳು’ ಎನ್ನುತ್ತಾರೆ. ಒಂದು ಮಗು ಓಡುತ್ತದೆ. ನಮ್ಮಲ್ಲಿ ಓಡುತ್ತಿದ್ದವಳು ಆರನೆಯ ಕ್ಲಾಸಿನ ಮಾನಿಟರ್ ರೇಣುಕಾ. ಎರಡು ಜಡೆ, ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ಕೈಗೆ ಸಿಕ್ಕಿದ್ದು. ನನ್ನ ಕೋಣೆಗೂ ಪ್ರಹ್ಲಾದನ ಕೋಣೆಗೂ ನಡುವೆ ಅಂಗಳ, ಅಂಗಳದ ನಡುವೆ ನೀರಿನ ಬೋರಿಂಗು. ಅವಳು ಅದನ್ನು ಬಳಸಿಕೊಂಡು ಹೋಗುತ್ತಿದ್ದಳು, ಬಳಸಿಕೊಂಡು ಬರುತ್ತಿದ್ದಳು.

“ಹೋಗಿ ಆ ಸರ್‌ಗೆ ಹೇಳು. ಸ್ಕೇಲು ಅವರ ಮನೀ ಆಸ್ತಿ ಅಲ್ಲ, ಕಳಿಸ್ಬೇಕಂತ.”

ಸ್ಕೇಲು ಬರುತ್ತಿತ್ತು. “ಸರ್, ತಡಾ ಆತು, ಏನ್ ಅನ್ಕೋಬ್ಯಾಡ್ರಿ ಅಂದ್ರು,” ಎಂಬ ಉತ್ತರವೂ ಬರುತ್ತಿತ್ತು.

ಓಹೋ, ಎಂದುಕೊಳ್ಳುತ್ತಿದ್ದೆ. ಮಗ ಮೆತ್ತಗಾಗುತ್ತಿದ್ದಾನೆ.

ಮಾರನೆಯ ವಾರ ಇನ್ನೂ ಗಟ್ಟಿಯಾಗಿ ಹೇಳಿ ಕಳಿಸಿದೆ. ಉತ್ತರ ಇನ್ನೂ ಮೆತ್ತಗೆ ಬಂತು. ಎದುರಾಳಿ ಇಷ್ಟು ಬಾಗುತ್ತಿರುವಾಗ ನಾನು ಯಾಕೆ ಬಾಗಲಿ? ಪೂರ್ತಿ ಬಾಗಿ ನನ್ನ ಬಾಗಿಲಿಗೇ ಬರುತ್ತಾನೆ, ಬಂದಾಗ ದೊಡ್ಡ ಮನಸ್ಸು ಮಾಡಿ ಕ್ಷಮಿಸೋಣ ಎಂದು ಕಾದೆ. ಕ್ಷಮಿಸುವಾಗ ಹೇಳಬೇಕಾದ ಎರಡು ವಾಕ್ಯಗಳನ್ನು ಬೈಕಿನ ಮೇಲೆ ಒಬ್ಬನೇ ಹೋಗುತ್ತಾ ತಯಾರು ಮಾಡಿಟ್ಟುಕೊಂಡಿದ್ದೆ. ಜೂನ್ ಹೋಯಿತು, ಜುಲೈ ಹೋಯಿತು, ದಸರಾ ರಜೆಯೂ ಹೋಯಿತು. ಅವನು ಬರಲಿಲ್ಲ.

ಬಂದದ್ದು ಸರ್ವೆ.

ಯಾವುದೋ ಸಂಸ್ಥೆಯವರು. ಹೊಸಪೇಟೆಯಲ್ಲಿ ಒಂದು ದಿನದ ತರಬೇತಿ. ಶಾಲೆಗೊಬ್ಬರು ಬರಬೇಕು ಎಂದಾಗ ಹೆಡ್ಮಾಸ್ತರರು, “ಹುಲುಗಪ್ಪ, ನೀವು ಎಂ.ಎ. ಇದ್ದೀರಿ, ನೀವ ಹೋಗ್ರಿ,” ಎಂದರು. ಬೋರ್ಡಿನಲ್ಲಿ ಇಲ್ಲದಿದ್ದರೂ ಬಾಯಲ್ಲಿದೆಯಲ್ಲ ಎಂದು ಸಮಾಧಾನವಾಗಿ ಹೋದೆ. ಚುರುಕಾದ ಒಬ್ಬ ಹುಡುಗಿ ತರಬೇತಿ ಕೊಟ್ಟಳು. ಹತ್ತು ಪ್ರಶ್ನೆ, ಪ್ರತಿಯೊಂದರ ಮುಂದೆ ಐದು ಮಾರಿ. ಹಲ್ಲು ಬಿಟ್ಟದ್ದು ಎಂದರೆ ‘ಖಂಡಿತ ಬಿಡಿಸಲು ಹೋಗುತ್ತೇನೆ’, ಅಳುವುದು ಎಂದರೆ ‘ಎಂದಿಗೂ ಹೋಗುವುದಿಲ್ಲ.’ ನಡುವಿನದಕ್ಕೆ ಬಾಯಿಯ ಜಾಗದಲ್ಲಿ ಒಂದು ಗೆರೆ ಮಾತ್ರ. ಪ್ರಶ್ನೆ ಓದುವವರಿಗೆ ಎರಡು ನಿಯಮ: ವಿವರಣೆ ಕೊಡಬಾರದು, ನಗಬಾರದು. ಕೊಟ್ಟರೆ, ನಕ್ಕರೆ, ಮಕ್ಕಳ ಉತ್ತರ ಕೆಡುತ್ತದಂತೆ.

ಆರನೆಯ ಕ್ಲಾಸಿಗೆ ಹೋಗಿ ಹಾಳೆ ಹಂಚಿ, ಮೊದಲ ಪ್ರಶ್ನೆ ಓದಿದೆ. “ನಿನ್ನ ಇಬ್ಬರು ಗೆಳೆಯರು ಜಗಳವಾಡುತ್ತಿದ್ದರೆ ನೀನು ಬಿಡಿಸಲು ಹೋಗುತ್ತೀಯಾ?”

“ಸರ್, ಯಾರ್ ಯಾರ್ದು ಜಗಳ?”

“ಯಾರ್ದೂ ಅಲ್ಲ. ಸುಮ್ನ ಇಬ್ರು.”

“ಯಾರ್ದೂ ಅಲ್ಲದ ಜಗಳಕ್ಕ ನಾವ್ಯಾಕ ಹೋಗ್ಬೇಕ್ರಿ?”

ನಾನು ವಿವರಣೆ ಕೊಡಲಿಲ್ಲ.

“ಸರ್, ಅವ್ರು ಯಾವ್ ಓಣಿಯೋರು?”

“ಸರ್, ಊಟದ ಬೆಲ್ಲಿಗೆ ಮೊದ್ಲೋ, ಆಮ್ಯಾಲೋ? ತತ್ತಿ ಕೊಡೋ ದಿನಾ ಆದ್ರ ಮೊದ್ಲ ಹೋಗಾಕ ಆಗಂಗಿಲ್ರಿ, ಪಾಳಿ ತಪ್ತೈತಿ.”

“ಸರ್, ಈ ನಡುವಿನ ಮಾರಿ ನಮ್ಮ ಹೆಡ್ಮಾಸ್ತರ್‌ದೇನ್ರಿ?”

ಎರಡನೆಯ ನಿಯಮವನ್ನು ಕಾಪಾಡಲು ನಾನು ಕಿಟಕಿಯ ಕಡೆ ತಿರುಗಬೇಕಾಯಿತು.

ಹಾಳೆ ತಿರುಗಿ ಬಂದಾಗ ನೋಡಿದರೆ, ಕ್ಲಾಸಿನ ದೊಡ್ಡ ಜಗಳಗಂಟರೆಲ್ಲ ಹಲ್ಲು ಬಿಟ್ಟ ಮಾರಿಗೇ ಕಾಟು ಹಾಕಿದ್ದರು. ದಿನಕ್ಕೊಂದು ಅಂಗಿಯ ಗುಂಡಿ ಕೀಳುವ ಒಬ್ಬ ಹುಡುಗ ಹತ್ತಕ್ಕೆ ಹತ್ತು ಸಲ ‘ಖಂಡಿತ ಬಿಡಿಸಲು ಹೋಗುತ್ತೇನೆ’ ಎಂದಿದ್ದ. ರೇಣುಕಾ ಮಾತ್ರ ಹತ್ತಕ್ಕೆ ಹತ್ತು ಅಳುಮಾರಿ. ತರಬೇತಿಯಲ್ಲಿ ಇದಕ್ಕೂ ಹೇಳಿಕೊಟ್ಟಿದ್ದರು: ಎಲ್ಲ ಪ್ರಶ್ನೆಗೂ ಒಂದೇ ಮಾರಿ ಆರಿಸಿದ್ದರೆ ಮಗು ಓದದೆ ತುಂಬಿದೆ ಎಂದರ್ಥ, ಆ ಹಾಳೆ ಅಸಿಂಧು. ಹಲ್ಲುಬಿಟ್ಟವನದೂ ಅಸಿಂಧು, ಇವಳದೂ ಅಸಿಂಧು. ಅವನದಕ್ಕೆ ನನಗೆ ಬೇಜಾರಿರಲಿಲ್ಲ. ಆದರೆ ಓದದೆ ತುಂಬುವ ಹುಡುಗಿಯಲ್ಲ ಇವಳು. ಎಲ್ಲರೂ ಆಟಕ್ಕೆ ಹೋದ ಮೇಲೆ ಕರೆದೆ.

“ಓದಿ ಬರ್ದಿಯೇನವಾ?”

“ಓದೇನ್ರಿ ಸರ್.”

“ಮತ್ತ? ಗೆಳತೇರು ಜಗಳ ಮಾಡಿದ್ರ ಒಂದ್ಸಲಾನೂ ಬಿಡಿಸಾಕ ಹೋಗಂಗಿಲ್ಲ ನೀನು?”

“ಯಾಕ್ ಹೋಗ್ಬೇಕ್ರಿ? ಸುಮ್ನ ಬಿಟ್ರ ಸಂಜಿಗೆ ಅವ್ರ ಒಂದಾಗ್ತಾರ. ಹೋದೋರ್ದ ಜುಟ್ಟು ಹೋಗ್ತೈತಿ.”

“ಹಂಗಾರ ಯಾರ ಜಗಳಕ್ಕೂ ಹೋಗಂಗಿಲ್ಲ.”

ಅವಳು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. “ದೊಡ್ಡೋರಿಗೆ ಹೋಗ್ತೀನ್ರಿ. ದೊಡ್ಡೋರು ಸಂಜಿಗೆ ಒಂದಾಗಂಗಿಲ್ಲಲ್ರಿ.”

“ಯಾವ್ ದೊಡ್ಡೋರು?”

“ಸರ್… ನೀವು ಬೈತೀರಿ.”

“ಬೈಯಂಗಿಲ್ಲ ಹೇಳು.”

“ನೀವು, ಪ್ರಹ್ಲಾದ ಸರ್‌ರಿ.”

ಆಮೇಲೆ ನಿಧಾನಕ್ಕೆ ಹೊರಬಿತ್ತು. ನಾನು ಹೇಳಿ ಕಳಿಸಿದ ಒಂದು ಮಾತೂ, ಅವನು ಹೇಳಿ ಕಳಿಸಿದ ಒಂದು ಮಾತೂ ಅಂಗಳ ದಾಟುವಾಗ ಇದ್ದ ಹಾಗೆ ದಾಟಿರಲಿಲ್ಲ. ರೇಣುಕಾ ಬೋರಿಂಗಿನ ಹತ್ತಿರ ನಿಲ್ಲುತ್ತಿದ್ದಳು. ಅಲ್ಲಿ ನೀರು ಕುಡಿಯುವ ನೆಪದಲ್ಲಿ ಅವಳ ಕ್ಲಾಸಿನ ಇನ್ನಿಬ್ಬರು ಸೇರುತ್ತಿದ್ದರು. “ಬೋರಿಂಗಿನ ಹತ್ರ ಸರಿ ಮಾಡ್ಕೊಂಡು ಹೋಗ್ತಿದ್ವಿ,” ಎಂದಳು, ಹರಿದ ಚೀಲಕ್ಕೆ ಹೊಲಿಗೆ ಹಾಕಿದ ವಿಷಯ ಹೇಳುವ ಹಾಗೆ. ‘ಸ್ಕೇಲು ಅವರ ಮನೀ ಆಸ್ತಿ ಅಲ್ಲ’ ಎಂಬುದು ಅಲ್ಲಿ ‘ಸರ್, ನಿಮ್ಮ ಕೆಲ್ಸ ಮುಗಿದಿದ್ರ ಸ್ಕೇಲು ಕೊಡಬೇಕಂತ್ರಿ’ ಆಗಿತ್ತು. ಪ್ರಹ್ಲಾದ ಹೇಳಿದ್ದು, ‘ತಗೊಂಡ್ಹೋಗಿ ಅವನ ತಲಿ ಮ್ಯಾಲೆ ಇಡು’ ಎಂದು. ಅದೇ ‘ತಡಾ ಆತು, ಏನ್ ಅನ್ಕೋಬ್ಯಾಡ್ರಿ’ ಆಗಿ ನನಗೆ ಮುಟ್ಟಿತ್ತು.

“ಯಾಕವಾ ಹಿಂಗ ಮಾಡಿದ್ರಿ?” ಎಂದೆ.

“ನೀವು ಹೇಳಿದಂಗ ಹೇಳಿದ್ರ ಅವ್ರು ಬೈತಾರ್ರಿ ಸರ್. ಬೈಯೋದು ನಿಮಗ, ಬೀಳೋದು ನಮಗ.”

ಇಲ್ಲಿ ಸ್ವಲ್ಪ ಯೋಚಿಸಿ ನೋಡಿ. ನನಗೆ ಅವನು ಮೆತ್ತಗಾಗುತ್ತಿದ್ದಾನೆ ಅನ್ನಿಸುತ್ತಿತ್ತು. ಅವನಿಗೆ ನಾನು ಮೆತ್ತಗಾಗುತ್ತಿದ್ದೇನೆ ಅನ್ನಿಸಿರಬೇಕು. ಇಬ್ಬರೂ ಗೆಲ್ಲುತ್ತಿದ್ದೆವು. ಗೆಲ್ಲುವವನು ಯಾಕೆ ಎದ್ದು ಹೋಗಿ ಮಾತಾಡಿಸುತ್ತಾನೆ? ಮೂರು ಮಕ್ಕಳು ಐದು ತಿಂಗಳು ನೀರಿನ ಬೋರಿಂಗಿನ ಹತ್ತಿರ ದುಡಿದದ್ದರ ಫಲವಾಗಿ ಎರಡು ದಿನದಲ್ಲಿ ಮುಗಿಯಬೇಕಾದ ಜಗಳ ದಸರಾ ದಾಟಿತ್ತು. ಇದಕ್ಕೆ ಮಾತ್ರ ಸರ್ವೆಯ ಹಾಳೆಯಲ್ಲಿ ಯಾವ ಮಾರಿಯೂ ಇರಲಿಲ್ಲ.

ಆ ಅಸಿಂಧು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ತಂದೆ. ಕಾಗದ ಕಂಡರೆ ಅವ್ವ ಬಿಡುವುದಿಲ್ಲ.

ನಮ್ಮವ್ವನೂ ಒಂದು ಕಾಲದಲ್ಲಿ ಜಗಳ ಬಿಡಿಸುವುದರಲ್ಲಿ ಹೆಸರಾದವಳು. ಕಂಪ್ಲಿಯಲ್ಲಿ ನಮ್ಮ ಸಾಲುಮನೆಗಳಲ್ಲಿ ಹೆಂಗಸರು ಜಗಳಕ್ಕೆ ನಿಂತರೆ ಗಂಡಸರು ಬೀಡಿ ಹಚ್ಚಿಕೊಂಡು ದೂರ ಹೋಗುತ್ತಿದ್ದರು. ಅವ್ವ ನಡುವೆ ಹೋಗಿ ಕೈ ಹಿಡಿದವಳಲ್ಲ, ‘ಸಾಕು ಬಿಡ್ರವಾ’ ಎಂದವಳೂ ಅಲ್ಲ. ಒಂದು ಬಟ್ಟಲು ಹಿಡಿದುಕೊಂಡು ಹೋಗಿ ಇಬ್ಬರಲ್ಲಿ ಹೆಚ್ಚು ಕೂಗುತ್ತಿದ್ದವಳ ಎದುರು ನಿಂತು, “ಯಕ್ಕಾ, ಒಂದೀಟು ಹೆಪ್ಪು ಇದ್ರ ಕೊಡಬೇ,” ಎನ್ನುತ್ತಿದ್ದಳು. ಹಾಲಿಗೆ ಹೆಪ್ಪು ಕೇಳಿದರೆ ಹಗಲು ಹೊತ್ತಿನಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಆಕೆ ಬೈಯುತ್ತಲೇ ಒಳಗೆ ಹೋಗಬೇಕು, ಮಡಿಕೆ ಇಳಿಸಬೇಕು, ಮಜ್ಜಿಗೆ ಚೆಲ್ಲದ ಹಾಗೆ ಹೊರಗೆ ತರಬೇಕು. ತುಂಬಿದ ಬಟ್ಟಲು ಹಿಡಿದುಕೊಂಡು ಯಾರನ್ನಾದರೂ ಬೈದು ನೋಡಿ, ಆಗುವುದಿಲ್ಲ. ಅಷ್ಟರಲ್ಲಿ ಎದುರಿನವಳು ಎಷ್ಟು ಹೊತ್ತು ಒಬ್ಬಳೇ ಕೂಗಿಯಾಳು? ಹೀಗೆ ಜಗಳವಾದ ದಿನಗಳಲ್ಲಿ ನಮ್ಮ ಮನೆಯಲ್ಲಿ ಹೆಪ್ಪು ಬೇಕಾದದ್ದಕ್ಕಿಂತ ಹೆಚ್ಚಾಗಿ ಮೊಸರು ಹುಳಿಯಾಗುತ್ತಿತ್ತು. ನಾನು ಮೊಸರಿನ ರುಚಿಯಿಂದಲೇ ಓಣಿಯ ಸುದ್ದಿ ಹೇಳುತ್ತಿದ್ದೆ.

ಅವ್ವನಿಗೆ ಪ್ರಹ್ಲಾದನ ವಿಷಯ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ಕೇಳಿದಳು. “ಅವಂಗ ಏನರ ಕೇಳು,” ಎಂದಳು.

“ಏನ್ ಕೇಳ್ಲಿ?”

“ಇಲ್ಲ ಅನ್ನಾಕ ಬರದಂಗ ಇರೋದು ಕೇಳು. ಕೇಳಾಕ ನಿನಗ ಕಷ್ಟ ಆಗಬೇಕು, ಕೊಡಾಕ ಅವಂಗ ಹಗರ ಇರಬೇಕು. ಇಷ್ಟ್ ಓದೀಯಪ, ಇಷ್ಟ್ ತಿಳಿಯಂಗಿಲ್ಲೇನು?”

ತಿಳಿಯಿತು. ಆದರೂ ಕೇಳಲಿಲ್ಲ. ಮೊದಲು ಅವನೇ ಕೇಳಲಿ ಎಂದು ನೋಡಿದೆ. ಅಷ್ಟು ಓದಿದ್ದೆನಲ್ಲ.

ಎರಡು ವಾರಕ್ಕೆ ಪ್ರಹ್ಲಾದನಿಗೆ ವರ್ಗದ ಆದೇಶ ಬಂತು. ಕಂಪ್ಲಿ ತಾಲ್ಲೂಕು, ಮೆಟ್ರಿಯ ಕಡೆ. ಶನಿವಾರ ಬಿಡುಗಡೆ ಎಂದು ಹೆಡ್ಮಾಸ್ತರರಿಂದ ತಿಳಿಯಿತು. ಅಂದರೆ ಸೋಮವಾರದಿಂದ ಅವನು ಬೇರೆ ದಿಕ್ಕಿಗೆ ಹೋಗುತ್ತಾನೆ. ನಮ್ಮಿಬ್ಬರ ನಡುವೆ ಅಂಗಳವೂ ಇಲ್ಲ, ಬೋರಿಂಗೂ ಇಲ್ಲ, ಓಡುವ ಮಗುವೂ ಇಲ್ಲ. ಶನಿವಾರ ಮಾತಾಡದಿದ್ದರೆ ಏಳು ವರ್ಷದ ಗೆಳೆತನ ಖಾಲಿ ಕಬ್ಬಿಣದ ಒಂದು ತುಂಡಿಗೆ ಮುಗಿದ ಹಾಗೆ.

ಶನಿವಾರ ಬೆಳಗಿನ ಶಾಲೆ. ಬೀಳ್ಕೊಡುಗೆಗೆ ಹಾರ, ಬಾಳೆಹಣ್ಣು, ಮಕ್ಕಳು ತಂದ ಚೆಂಡು ಹೂವು. ಎಲ್ಲ ಸಮಾರಂಭಕ್ಕೂ ನಿರೂಪಣೆ ನನ್ನದೇ, ಎಂ.ಎ. ಇದ್ದೇನೆ ಅಂತ. “ಈಗ ನಮ್ಮ ನೆಚ್ಚಿನ ಪ್ರಹ್ಲಾದ ಸರ್ ಅವರು ಎರಡು ಮಾತುಗಳನ್ನು ಆಡಬೇಕೆಂದು ವಿನಂತಿ,” ಎಂದೆ, ಗೋಡೆಯ ಮೇಲಿನ ಗಡಿಯಾರ ನೋಡುತ್ತ. ಅವನು ಎದ್ದು, “ನಿರೂಪಕರಿಗೆ ಧನ್ಯವಾದಗಳು,” ಎಂದ, ಗಡಿಯಾರದ ಕೆಳಗಿನ ಕ್ಯಾಲೆಂಡರ್ ನೋಡುತ್ತ. ಎರಡು ಮಾತು ಎಂದಿದ್ದಕ್ಕೆ ಎರಡೇ ಮಾತಾಡಿ ಕುಳಿತ. ರೇಣುಕಾ ಮುಂದಿನ ಸಾಲಿನಲ್ಲಿ ಕುಳಿತು ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡುತ್ತಿದ್ದಳು.

ಗಂಟೆ ಹೊಡೆಯಿತು. ಅವನು ತನ್ನ ಕೋಣೆಯಲ್ಲಿ ಪುಸ್ತಕ ಕಟ್ಟಿಕೊಳ್ಳುತ್ತಿದ್ದ. ನಾನು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತೆ. ಅಂಗಳ ಇಪ್ಪತ್ತು ಹೆಜ್ಜೆ. ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಹಳೆಯ ಚಟ, ಕರೆದೆ: “ರೇಣುಕಾ!”

ಬಂದಳು.

“ಹೋಗಿ ಆ ಸರ್‌ಗೆ ಹೇಳು… ನನ್ನ ಗಾಡಿ ಪಂಚರ್ ಆಗೇತಿ. ಹೊಸಪೇಟಿ ತನಕ ಕರ್ಕೊಂಡ್ ಹೋಗ್ತಾರೇನು ಕೇಳು.”

ಅವಳು ಹೋಗಲಿಲ್ಲ. ನಿಂತು ನನ್ನ ಮುಖ ನೋಡಿ, ಅಂಗಡಿಯಲ್ಲಿ ಕಾಲು ಕೇಜಿಯೋ ಅರ್ಧ ಕೇಜಿಯೋ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು:

“ಸರ್, ಇದನ್ನ ನೀವ್ ಹೇಳಿದಂಗ ಹೇಳ್ಲೋ, ನಮ್ಮಂಗ ಹೇಳ್ಲೋ?”

“ನಾ ಹೇಳಿದಂಗ ಹೇಳು,” ಎಂದೆ. “ಇದ್ರಾಗ ಸರಿ ಮಾಡೋದು ಏನೂ ಇಲ್ಲ.”

ಅವಳು ಹೊರಟ ಕೂಡಲೇ ನಾನು ಬೇವಿನ ಮರದ ಹಿಂದೆ ನಿಂತಿದ್ದ ನನ್ನ ಬೈಕಿನ ಹತ್ತಿರ ಓಡಿದೆ. ಗಾಡಿ ಗಟ್ಟಿಮುಟ್ಟಾಗಿತ್ತು. ಚಕ್ರದ ವಾಲ್ವಿನ ಟೋಪಿ ಬಿಚ್ಚಿ, ಜೇಬಿನ ಕೆಂಪು ಪೆನ್ನಿನ ತುದಿಯಿಂದ ಒತ್ತಿ ಹಿಡಿದೆ. ಹಂಪಿಯಲ್ಲಿ ಎಷ್ಟೋ ಚಕ್ರಗಳಿಗೆ ಗಾಳಿ ತುಂಬಿದ ಕೈ. ಬೇಕೆಂದೇ ತೆಗೆದದ್ದು ಅದೇ ಮೊದಲು. ಗಾಳಿ ಬುಸ್ಸೆಂದು ಹೋಗುವಾಗ ತಲೆ ಎತ್ತಿದೆ. ಕಿಟಕಿಯಲ್ಲಿ ಆರನೆಯ ಕ್ಲಾಸಿನ ಅರ್ಧ ಇತ್ತು. ಯಾರೂ ನಗಲಿಲ್ಲ. ಯಾರೂ ಏನೂ ಕೇಳಲಿಲ್ಲ. ಸರ್ವೆಯ ತರಬೇತಿ ಅವರಿಗೆ ಬೇಕಿರಲಿಲ್ಲ.

ರೇಣುಕಾ ಅಂಗಳ ದಾಟಿ ಬರುವವರೆಗೆ ಬೋರ್ಡಿನ ಕತೆ ಮುಗಿಸಿಬಿಡುತ್ತೇನೆ, ನೀವು ಕೇಳಿಯೇ ಕೇಳುತ್ತೀರಿ. ಅವನು ಹೋದ ಮೇಲೆ ಅವನ ಸಾಲು ಅಳಿಸಿದರು. ಪೇಂಟರು ಬಂದು, “ಸರ್, ಈಗ ಜಾಗ ಆಗೇತಿ. ಎಲ್ಲಾ ಸಣ್ಣಕ್ಷರದಾಗ ಬರದು ನಿಮ್ಮ ಎಂ.ಎ. ಹಾಕ್ಲೇನು?” ಎಂದ. ಬೇಡ ಎಂದೆ ಎಂದು ಬರೆದರೆ ಪ್ರಬಂಧಕ್ಕೆ ಶೋಭೆ. ಆದರೆ ಹಾಕಿಸಿದೆ. ಬಿ.ಇಡಿ. ಸಮೇತ. ಸುಳ್ಳು ಯಾಕೆ ಹೇಳಲಿ, ಅವ್ವನನ್ನು ಕರೆದುಕೊಂಡು ಹೋಗಿ ತೋರಿಸಿಯೂ ಬಂದೆ. ಅವಳು ಅದನ್ನೂ ಸೆರಗಿನಿಂದ ಒರೆಸಿದಳು.

ರೇಣುಕಾ ಬಂದಳು. ಬೋರಿಂಗಿನ ಹತ್ತಿರ ಒಂದು ಕ್ಷಣ ನಿಂತು ನೀರು ಕುಡಿದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

“ಸರ್, ‘ಬೋರ್ಡಿಂದು ನಂದ ತಪ್ಪು, ಬಂದು ಹತ್ರಿ’ ಅಂದ್ರು.”

ಈ ಸಲ ನಾನು ಕೇಳಿದೆ: “ಇದು ಅವರು ಹೇಳಿದಂಗ ಐತೋ, ನಿಮ್ಮಂಗ ಐತೋ?”

“ಅದನ್ನ ಕೇಳಬಾರದ್ರಿ ಸರ್,” ಎಂದು ಜಡೆ ಹಿಂದಕ್ಕೆ ಹಾಕಿಕೊಂಡು ಹೋಗಿಬಿಟ್ಟಳು.

ಪ್ರಹ್ಲಾದ ಬೈಕು ತಂದು ಗೇಟಿನ ಹತ್ತಿರ ನಿಲ್ಲಿಸಿದ್ದ. ನಾನು ಹಿಂದೆ ಕುಳಿತೆ. ಪುಸ್ತಕದ ಗಂಟು ತೊಡೆಯ ಮೇಲೆ, ಅದರ ಮೇಲೆ ಅವನ ಹಾರ. ಊರು ದಾಟಿತು. ಮೊದಲ ಅದಿರಿನ ಲಾರಿ ಎದುರಾಯಿತು. ಯೋಚಿಸುವ ಮೊದಲೇ ನನ್ನ ಮುಖ ಅವನ ಬೆನ್ನಿಗೆ ಹೋಗಿತ್ತು.

ಧೂಳು ಇಳಿದ ಮೇಲೆ ಅವನೇ ಶುರು ಮಾಡಿದ. “ಹಂಪ್ಯಾಗ ಊರ್ ಮಂದೀದೆಲ್ಲಾ ಪಂಚರ್ ತಿದ್ದಿದಾವ ನೀನು. ನಿನ್ನ ಗಾಡಿ ಪಂಚರಂತ, ಲಿಫ್ಟ್ ಬೇಕಂತ.”

“ಸಾಮಾನು ಮನ್ಯಾಗ ಉಳಿದಿತ್ತು.”

“ಹೌದ್ಹೌದು.” ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ಲೇ ಹುಲುಗ, ‘ತಪ್ಪಾತು, ನೀವಿಲ್ದ ಒಬ್ನ ಹೋಗಾಕ ಬ್ಯಾಸರ ಆಗತೈತಿ’ ಅಂತ ಹೇಳಾಕ ಆ ಹುಡ್ಗೀನ ಕಳಿಸ್ಬೇಕೇನೋ? ನೀನ ಬಂದು ಹೇಳಿದ್ರ ನಾಲಿಗಿ ಸವೀತಿತ್ತೇನು?”

ನಾನು ಹಾಗೆ ಹೇಳಿಯೇ ಇರಲಿಲ್ಲ. ಹೇಳಬೇಕೆಂದು ಐದು ತಿಂಗಳಿನಿಂದ ಅನ್ನಿಸಿದ್ದು ಹೌದು. ಆರನೆಯ ಕ್ಲಾಸಿನವರಿಗೆ ಅದು ಹೇಗೆ ತಿಳಿಯಿತೋ.

“ಸವೀತಿತ್ತು,” ಎಂದೆ. ಆಮೇಲೆ ಮೆಲ್ಲಗೆ ಕೇಳಿದೆ, “ನೀ ಏನಂತ ಹೇಳಿ ಕಳಿಸಿದ್ದಿ?”

“ನಾನೇನು ಹೇಳ್ಲಿ? ‘ಬಂದ್ರ ಬಾ ಅನ್ನು’ ಅಂದೆ. ಅಷ್ಟ. ಯಾಕ?”

ರೇಣುಕಾಳನ್ನು ಬಿಟ್ಟರೆ, ಎರಡು ಕಡೆಯ ಅಸಲು ಮಾತೂ, ರಿಪೇರಿಯಾದ ಮಾತೂ, ನಾಲ್ಕೂ ಗೊತ್ತಿದ್ದವನು ಆ ಹೊತ್ತಿಗೆ ನಾನೊಬ್ಬನೇ. ಹೇಳಿಬಿಡಬಹುದಿತ್ತು. ಆದರೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದ ಮೊದಲ ನಿಯಮ ನೆನಪಾಯಿತು: ವಿವರಣೆ ಕೊಡಬಾರದು.

“ಏನಿಲ್ಲ, ಗಾಡಿ ಹೊಡಿ,” ಎಂದೆ.

ಎರಡನೆಯ ನಿಯಮವನ್ನು ಪಾಲಿಸಲು ಆಗಲಿಲ್ಲ. ಅದೃಷ್ಟಕ್ಕೆ ಅಷ್ಟರಲ್ಲಿ ಇನ್ನೊಂದು ಲಾರಿ ಬಂತು. ಅವನ ಬೆನ್ನಿಗೆ ಮುಖ ಒತ್ತಿಕೊಂಡು ಸಂಡೂರು ಬರುವವರೆಗೂ ನಕ್ಕೆ.